ಶಂಕ್ರವ್ವ ಮಹಡಿ ಹತ್ತಿದ ದಿನ

ಮನೆಯಲ್ಲಿ ಸೆಡವು ಮಾಡುವವರು ಎಷ್ಟು ಮಂದಿ ಎಂದು ನಾನು ಕೇಳಿದಾಗ ಗದಿಗೆಪ್ಪನವರು ಕುರ್ಚಿಯ ಬೆನ್ನಿಗೆ ಒರಗಿ, "ಒಬ್ಬರೂ ಇಲ್ರೀ ಬಾಯಾರ, ನಮ್ದು ನಕ್ಕೋತ ಇರೋ ಮನಿ" ಎಂದರು. ಅವರ ಪಕ್ಕದಲ್ಲಿ ಕೂತಿದ್ದ ಹೆಂಡತಿ ಚನಬಸವ್ವನವರ ಕುರ್ಚಿಯ ಹಿಂಗಾಲು ಕಿರ್ರೆಂದು ಒಂದಿಷ್ಟು ಬಾಗಿತು. ನಾನು ಪಟ್ಟಿಯಲ್ಲಿ ಒಂದು ಎಂದು ಬರೆದುಕೊಂಡೆ.

ನಾನು ಈ ಊರಿಗೆ ಬಂದು ಹನ್ನೊಂದು ವರ್ಷವಾಯಿತು. ಕಟ್ಟಡದ ಕಂಬ, ತೊಲೆ, ಸ್ಲ್ಯಾಬು ಎಷ್ಟು ಭಾರ ಹೊರಬೇಕು, ಅದಕ್ಕೆ ಎಷ್ಟು ದಪ್ಪ ಇರಬೇಕು, ಒಳಗೆ ಎಷ್ಟು ಸರಳು ಹಾಕಬೇಕು ಎಂದು ಲೆಕ್ಕ ಹಾಕಿ ನಕ್ಷೆಗೆ ಸಹಿ ಮಾಡುವುದು ನನ್ನ ಕೆಲಸ. ಕಾಲೇಜಿನಲ್ಲಿ ನಮಗೆ ಮುಖ್ಯವಾಗಿ ಎರಡು ಭಾರ ಹೇಳಿಕೊಟ್ಟಿದ್ದರು. ಕಟ್ಟಡದ ಸ್ವಂತ ಭಾರ ಒಂದು, ಅದು ಕದಲುವುದಿಲ್ಲ. ಜನ, ಮಂಚ, ಕಪಾಟಿನ ಭಾರ ಇನ್ನೊಂದು, ಅದು ಬರುತ್ತದೆ ಹೋಗುತ್ತದೆ. ಮೂರನೆಯದನ್ನು ನಾನು ಇಲ್ಲಿ ಕಲಿತೆ. ಇಲ್ಲಿ ಯಾರಾದರೂ ಸೆಡವು ಮಾಡಿಕೊಂಡು ಕೂತರೆ ಅವರ ತೂಕ ಏರುತ್ತದೆ. ಕೂಗಾಡುವವರಿಗೆ, ತಟ್ಟೆ ಎಸೆಯುವವರಿಗೆ ಏನೂ ಆಗುವುದಿಲ್ಲ. "ನನಗೇನಾಗೈತಿ, ಏನೂ ಇಲ್ಲ" ಎಂದು ಮುಖ ತಿರುಗಿಸುವವರದೇ ತೊಂದರೆ. ಬೆಳಗಿನ ಸೆಡವು ಸಂಜೆಯ ಹೊತ್ತಿಗೆ ಎರಡು ಚೀಲ ಜೋಳದಷ್ಟಾಗುತ್ತದೆ. ಎರಡು ದಿನ ಮುಂದುವರಿದರೆ ಒಂದು ಎಮ್ಮೆ.

ಊರಿನವರು ಇದಕ್ಕೆ ಎಂದೋ ಹೊಂದಿಕೊಂಡಿದ್ದಾರೆ. ಪ್ರತಿ ಮನೆಯ ಹಿತ್ತಲಲ್ಲೂ ಒಂದು ಸೆಡವಿನ ಕಲ್ಲು ಇರುತ್ತದೆ. ಮಾತು ಬಿಟ್ಟವರು ಎದ್ದು ಹೋಗಿ ಅದರ ಮೇಲೆ ಕೂರುತ್ತಾರೆ, ಒಳಗೆ ನೆಲಕ್ಕೆ ಹಾಸಿದ ಫರಸಿ ಕಲ್ಲು ಒಡೆಯದೆ ಉಳಿಯುತ್ತದೆ. ಬಸ್ಸಿನ ಕಂಡಕ್ಟರ್ ಹತ್ತುವವರ ಮುಖ ನೋಡಿ, "ಜಗಳ ಅರ್ಧಾ ಬಿಟ್ಟು ಬಂದವರು ನಡುವಿನ ಸೀಟಿಗೆ ಬರ್ರೀ" ಎಂದು ಕೂಗುತ್ತಾನೆ. ಗಂಡ ಹೆಂಡತಿ ಒಂದೇ ಸೈಕಲ್ಲಿನಲ್ಲಿ ಹೋಗುವುದು ಕಂಡರೆ ಓಣಿಯವರು ಅವರ ಸಂಸಾರ ಚೆನ್ನಾಗಿದೆ ಎಂದು ತಿಳಿದುಕೊಳ್ಳುತ್ತಾರೆ.

ಇಂಥ ಊರಿನಲ್ಲಿ ಕಲ್ಯಾಣ ಮಂಟಪಗಳೆಲ್ಲ ನೆಲದ ಮೇಲೇ ಇರುವುದರಲ್ಲಿ ಆಶ್ಚರ್ಯವಿಲ್ಲ. ಮದುವೆ ಸೆಡವಿನ ಸುಗ್ಗಿ. ಬೀಗರಿಗೆ ಹಾರ ಸಣ್ಣದಾಯಿತು, ಮಾವನನ್ನು ಫೋಟೊಗೆ ಕರೆಯಲಿಲ್ಲ, ಚಿಕ್ಕಮ್ಮನ ಸೀರೆಯನ್ನು ಯಾರೂ ಹೊಗಳಲಿಲ್ಲ. ಮಂಟಪದ ಫರಸಿ ಪ್ರತಿ ವರ್ಷ ಬದಲಾಯಿಸುತ್ತಾರೆ. ಗದಿಗೆಪ್ಪನವರಿಗೆ ಮಾತ್ರ ಎರಡು ಅಂತಸ್ತಿನ ಮಂಟಪ ಕಟ್ಟಿಸುವ ಆಸೆ. ಕೆಳಗೆ ತಾಳಿ ಕಟ್ಟುವುದು, ಮೇಲೆ ಊಟದ ಹಾಲ್. ಅವರ ಎಣ್ಣೆ ಗಿರಣಿಯ ಪಕ್ಕದಲ್ಲಿ ಜಾಗ ಸಣ್ಣದಿತ್ತು, ಆಸೆ ದೊಡ್ಡದಿತ್ತು. ಮಗಳು ದಾನಮ್ಮನ ಮದುವೆಯೇ ಅಲ್ಲಿ ಮೊದಲನೆಯದಾಗಬೇಕು.

"ನಡುವ ಕಂಬ ಬ್ಯಾಡ್ರೀ" ಎಂದರು. "ಮದುಮಕ್ಕಳ ಮುಂದ ಕಂಬ ನಿಂತ್ರ ಫೋಟೊದಾಗ ಕಂಬಾನ ಬರತೈತಿ."

ನಡುವೆ ಕಂಬವಿಲ್ಲದೆ ಗೋಡೆಯಿಂದ ಗೋಡೆಗೆ ನಲವತ್ತು ಅಡಿ. ಹಾಲಿನ ಸರಿ ನಡುವೆ ಒಂದೇ ದೊಡ್ಡ ತೊಲೆ, ಮೂರೂವರೆ ಅಡಿ ಆಳದ್ದು, ಅದರ ಮೇಲೆ ನಾನೂರು ಜನರ ಊಟ. ನಾನು ಮೂರು ವಾರ ಲೆಕ್ಕ ಹಾಕಿದೆ. ಬೀಗರ ಕಡೆಯ ಅರವತ್ತು ಸೆಡವುಗಳನ್ನು ಹಿಡಿದೆ. ಅಡಿಗೆಯವರಿಗೆ ನಾಲ್ಕು, ಊಟಕ್ಕೆ ಯಾರೂ ಕರೆಯದ ಫೋಟೊಗ್ರಾಫರನಿಗೆ ಒಂದು. ಲೆಕ್ಕ ಮುಗಿಯಿತು ಎನ್ನುವಾಗ ಮೇಸ್ತ್ರಿ ದಾವಲಸಾಬ ನಕ್ಷೆಯ ಮೇಲೆ ಬಗ್ಗಿ ನೋಡಿದ. ಈ ಊರಿನಲ್ಲಿ ನನ್ನ ಎಲ್ಲ ಕಟ್ಟಡಗಳನ್ನೂ ಕಟ್ಟಿದವನು ಅವನು.

"ಬಾಯಾರ, ಇದರಾಗ ಶಂಕ್ರವ್ವನ್ನ ಹಿಡದೀರೇನ್ರೀ?"

"ಯಾರು ಶಂಕ್ರವ್ವ?"

"ಗದಿಗೆಪ್ಪನೋರ ಅಕ್ಕಾರು. ಹತ್ತೊಂಬತ್ತು ವರ್ಷ ಆತು, ತಮ್ಮನ ಕೂಡ ಮಾತಿಲ್ಲ ಕತಿಯಿಲ್ಲ. ಅವರ ಮನ್ಯಾಗ ಕುಂತಲ್ಲೆ ನೆಲ ಇಳದು ಬಾವಿಗತೆ ಆಗೈತಿ."

ಹತ್ತೊಂಬತ್ತು ವರ್ಷದ ಸೆಡವು ಎಷ್ಟು ತೂಗುತ್ತದೆ ಎಂದು ನನ್ನ ಯಾವ ಕೋಷ್ಟಕದಲ್ಲೂ ಇರಲಿಲ್ಲ. ಮರುದಿನ ಗದಿಗೆಪ್ಪನವರನ್ನು ಕೇಳಿದೆ. ಅವರು ಕೈ ಅಲ್ಲಾಡಿಸಿದರು. "ಅಕಿ ಬರಂಗಿಲ್ರೀ. ನಾ ಕರಿಯಂಗೂ ಇಲ್ಲ. ಅಕಿ ಲೆಕ್ಕ ಹಿಡದ್ರ ನಡುವ ಕಂಬ ಬರತೈತಿ, ಹೌದಿಲ್ಲೋ? ಬಿಟ್ಟಬಿಡ್ರಿ." ಅವರ ಮಾತು ನಂಬಿ ನಾನು ಶಂಕ್ರವ್ವನನ್ನು ಬಿಟ್ಟು ಸಹಿ ಮಾಡಿದೆ. ಯಾರನ್ನು ಕರೆದಿದ್ದಾರೆ ಎನ್ನುವುದು ಮನೆಯವರ ಚಿಂತೆ, ಯಾರು ಬರಬಹುದು ಎನ್ನುವುದು ಇಂಜಿನಿಯರರ ಚಿಂತೆ. ಅದು ನನಗೆ ಗೊತ್ತಿತ್ತು. ಆದರೂ ಸಹಿ ಮಾಡಿದೆ. ಕಂಬವಿಲ್ಲದ ಆ ಹಾಲು ನನ್ನ ಕಣ್ಣಿಗೂ ಬಹಳ ಚೆಂದ ಕಂಡಿತ್ತು.

ಮದುವೆಯ ದಿನ ಅಕ್ಷತೆ ಬಿದ್ದು, ಮೇಲೆ ಎರಡು ಪಂಕ್ತಿ ಊಟ ಮುಗಿದು ಮೂರನೆಯದಕ್ಕೆ ಎಲೆ ಹಾಕಿದ್ದರು. ನಾನು ಕೆಳಗೆ ತೊಲೆಯ ಅಡಿಯಲ್ಲೇ ನಿಂತಿದ್ದೆ. ನನ್ನ ಕಟ್ಟಡಕ್ಕೆ ಮೊದಲ ಸಲ ಪೂರ್ತಿ ಭಾರ ಬೀಳುವಾಗ ನಾನು ಅದರ ಅಡಿಯಲ್ಲಿ ನಿಲ್ಲುತ್ತೇನೆ. ದಾವಲಸಾಬ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದ. ತೊಲೆ ಅಲ್ಲಾಡಿರಲಿಲ್ಲ. ಬೀಗರು ಹೊಟ್ಟೆ ತುಂಬ ಉಂಡು, ನಿರೀಕ್ಷೆಗಿಂತ ಕಡಿಮೆ ಸೆಡವು ಮಾಡಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು.

ಆಗ ಬಾಗಿಲಲ್ಲಿ ಒಂದು ಟ್ರ್ಯಾಕ್ಟರ್ ಬಂದು ನಿಂತಿತು. ಟ್ರೇಲರಿನಲ್ಲಿ ಸಣ್ಣ ಮೈಯ, ಇಳಕಲ್ ಸೀರೆಯ ಒಬ್ಬ ಮುದುಕಿ ಒಬ್ಬಳೇ ಕೂತಿದ್ದಳು. ಅವಳು ಇಳಿದಾಗ ಟ್ರೇಲರ್ ಒಂದೂವರೆ ಗೇಣು ಮೇಲೆ ಎದ್ದಿತು.

"ಯಾ ಅಲ್ಲಾ" ಎಂದ ದಾವಲಸಾಬ. "ಶಂಕ್ರವ್ವ."

ಗದಿಗೆಪ್ಪನವರ ಮುಖ ಬಿಳಿಚಿತು. ಆದರೆ ಮದುಮಗಳು ದಾನಮ್ಮ ವೇದಿಕೆಯಿಂದ ಎದ್ದು ಓಡಿಬಂದು ಮುದುಕಿಯ ಕಾಲಿಗೆ ಬಿದ್ದಳು. "ಅತ್ತೀ, ಬಂದೆಲ್ಲಾ!" ಎಂದಳು. ಹಿಂದಿನ ವಾರ ಅಪ್ಪನಿಗೆ ಹೇಳದೆ ಹೋಗಿ ಅವಳೇ ಕರೆದು ಬಂದಿದ್ದಳು. ಯಾರೂ ಬಾಯಿ ತೆರೆಯುವ ಮೊದಲೇ ಅತ್ತೆಯ ಕೈ ಹಿಡಿದು, "ಮೊದ್ಲ ಊಟ ಮಾಡು ನಡಿ" ಎಂದು ಮೆಟ್ಟಿಲ ಕಡೆಗೆ ಕರೆದೊಯ್ದಳು. ಒಂದೊಂದು ಮೆಟ್ಟಿಲಿಗೂ ಹಾಸಿದ್ದ ಕಲ್ಲು ಟಪ್ ಟಪ್ ಎಂದು ಒಡೆಯುವುದು ನಮಗೆ ಕೇಳಿಸಿತು. ಇಪ್ಪತ್ತೆರಡು ಮೆಟ್ಟಿಲು, ಇಪ್ಪತ್ತೆರಡು ಟಪ್. ಆಮೇಲೆ ತಲೆಯ ಮೇಲೆ ನಿಧಾನವಾದ ಹೆಜ್ಜೆಗಳು. ಅವಳು ಗೋಡೆಯ ಬದಿಗೆ ಹೋಗಲಿ, ಗೋಡೆಯ ಬದಿಗೆ ಹೋಗಲಿ ಎಂದು ನಾನು ಬೇಡಿಕೊಳ್ಳುತ್ತಿದ್ದೆ. ಹೆಜ್ಜೆಗಳು ಸರಿಯಾಗಿ ನಡುವೆ ಬಂದು ನಿಂತವು. ಅತ್ತೆಗೆ ಫ್ಯಾನಿನ ಕೆಳಗಿನ ಒಳ್ಳೆಯ ಜಾಗ ಸಿಗಲೆಂದು ದಾನಮ್ಮ ಅಲ್ಲೇ ಕೂರಿಸಿದ್ದಳು.

ತೊಲೆಯ ಹೊಟ್ಟೆಯಿಂದ ಒಂದು ಹಿಡಿ ಸಿಮೆಂಟಿನ ಗಿಲಾವು ಉದುರಿ ಪುರೋಹಿತರ ತಟ್ಟೆಗೆ ಬಿತ್ತು. ಅವರು ಯಾರೋ ಅಕ್ಷತೆ ಹಾಕಿದರೆಂದು ತಿಳಿದು ಕೈ ಮುಗಿದರು. ನಾನು ಕತ್ತೆತ್ತಿ ನೋಡಿದೆ. ತೊಲೆಯ ನಡುಭಾಗದಲ್ಲಿ ಕೂದಲೆಳೆಯಂಥ ನಾಲ್ಕು ಬಿರುಕುಗಳು ಕೆಳಗಿನಿಂದ ನೇರ ಮೇಲಕ್ಕೆ ಏಳುತ್ತಿದ್ದವು. ನೇರ ಬಿರುಕು ಎಚ್ಚರಿಕೆ ಕೊಡುವ ಬಿರುಕು, ಅದು ನಮಗೆ ಸ್ವಲ್ಪ ಸಮಯ ಕೊಡುತ್ತದೆ. ಗೋಡೆಯ ಹತ್ತಿರ ಓರೆಯಾಗಿ ಬಿರುಕು ಬಂದರೆ ಸಮಯ ಕೊಡುವುದಿಲ್ಲ. ಓಡಿ ಹೋಗಿ ಎರಡೂ ತುದಿ ನೋಡಿದೆ. ಓರೆ ಬಿರುಕು ಇನ್ನೂ ಇರಲಿಲ್ಲ.

"ದಾವಲಸಾಬ, ತೊಲೆಗೆ ಆಸರೆ ಕೊಡುವ ಕಬ್ಬಿಣದ ಜ್ಯಾಕು ಎಲ್ಲಿವೆ?"

"ಹಿಂದಿನ ಓಣ್ಯಾಗ ಸ್ಲ್ಯಾಬ್ ಹಾಕಾಕ ತಂದಿಟ್ಟೀನ್ರೀ. ತರಾಕ ಅರ್ಧಾ ತಾಸರ ಬೇಕ." ಇಷ್ಟು ಹೇಳುವಾಗಲೇ ಅವನು ತನ್ನ ಆಳುಗಳ ಹೆಸರು ಕೂಗುತ್ತ ಓಡಿದ್ದ.

ತೊಲೆಗೆ ಅರ್ಧ ಗಂಟೆ ಆಯುಷ್ಯ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗದಿಗೆಪ್ಪನವರು ನನ್ನ ತೋಳು ಹಿಡಿದರು. "ಬಾಯಾರ, ಮಂದಿನ್ನ ಎಬ್ಬಸ್ರಿ! ಎಲ್ಲಾರನ್ನೂ ಕೆಳಗ ಕರೀರಿ!"

ಒಂದು ಕ್ಷಣ ನಾನೂ ಅದನ್ನೇ ಮಾಡಹೊರಟೆ. ಆಮೇಲೆ ಲೆಕ್ಕ ಹೊಳೆಯಿತು. ಮೇಲೆ ನಾನೂರು ಜನ ಆಗಷ್ಟೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದರು. ಪಂಕ್ತಿಯ ನಡುವೆ ಊಟದಿಂದ ಎಬ್ಬಿಸಿದರೆ ನಾನೂರು ಜನವೂ ಒಟ್ಟಿಗೆ ಸೆಡವು ಮಾಡುತ್ತಾರೆ. ಆ ಸೆಡವು ಮೆಟ್ಟಿಲು ತಲುಪುವುದರೊಳಗೆ ತೊಲೆ ಕೆಳಗಿರುತ್ತದೆ, ಅದರ ಕೆಳಗೆ ಮದುಮಗ ಇರುತ್ತಾನೆ. "ಒಬ್ಬರನ್ನೂ ಎಬ್ಬಿಸಬೇಡಿ. ಇನ್ನೊಂದು ಹೋಳಿಗೆ ಹಾಕಿಸಿ. ಕೇಳಿ ಕೇಳಿ ಹಾಕಿಸಿ" ಎಂದೆ. ಕೆಳಗಿದ್ದವರನ್ನು ಮಾತ್ರ ಫೋಟೊ ತೆಗೆಯುವ ನೆಪ ಹೇಳಿ ಅಂಗಳಕ್ಕೆ ಕಳಿಸಿ, ನಾನು ಮೆಟ್ಟಿಲು ಹತ್ತಿದೆ.

ಮೇಲೆ ಹಾಲಿನ ನೆಲ ನಡುವೆ ತಗ್ಗಿತ್ತು. ಎಲ್ಲರ ಎಲೆಯ ಸಾರೂ ಶಂಕ್ರವ್ವನ ಕಡೆಗೆ ಹರಿಯುತ್ತಿತ್ತು. ಯಾರದೋ ಎಲೆಯಿಂದ ಜಾರಿದ ಬುಂದಿ ಲಾಡು ಉದ್ದಕ್ಕೂ ಉರುಳಿ ಬಂದು ಅವಳ ಮೊಣಕಾಲಿಗೆ ತಾಗಿ ನಿಂತಿತು. ಅವಳು ಅದರ ಕಡೆ ನೋಡಲಿಲ್ಲ. ಎಲೆಯ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಅನ್ನ ಮುಟ್ಟಿರಲಿಲ್ಲ. ಪಕ್ಕದಲ್ಲಿ ದಾನಮ್ಮ ಬಾಸಿಂಗ ಕಟ್ಟಿಕೊಂಡೇ ಕೂತು, "ಒಂದ ತುತ್ತು ಅತ್ತೀ, ನನ್ನ ಸಲುವಾಗಿ" ಎನ್ನುತ್ತಿದ್ದಳು.

ನಾನು ಬಗ್ಗಿ, ನನಗೆ ಬರುವ ಎಲ್ಲ ನಯದಿಂದ, "ಅಕ್ಕಾರೇ, ಆ ಗೋಡೆ ಬದಿಗೆ ಗಾಳಿ ಚೆನ್ನಾಗಿದೆ. ಸ್ವಲ್ಪ ಅಲ್ಲಿಗೆ ಬರುತ್ತೀರಾ?" ಎಂದೆ.

ಇದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಆವತ್ತು ಬರಲು ಸಾಧ್ಯವಿರಲಿಲ್ಲ. ಕೂತಲ್ಲಿಂದ ಏಳಿಸುವುದು! ಅವಳ ತುಟಿ ಬಿಗಿಯಿತು. ನೆಲ ಇನ್ನೊಂದು ಬೆರಳು ಇಳಿಯಿತು. ಸಾಲಿನ ತುದಿಯ ಹಿರಿಯರೊಬ್ಬರು ಹರಿದು ಹೋಗುತ್ತಿದ್ದ ತಮ್ಮ ಸಾರಿಗೆ ಅನ್ನದ ಕಟ್ಟೆ ಕಟ್ಟಿದರು.

"ನೀ ಇಂಜಿನಿಯರ ಬಾಯಿ ಏನು?" ಎಂದಳು ಶಂಕ್ರವ್ವ.

"ಹೌದು. ಮಂದಾಕಿನಿ ಅಂತ."

"ಕುಂದರು."

ನಾನು ಎದುರಿಗೆ ಕೂತೆ. ತಗ್ಗಿನಲ್ಲಿ ಇಬ್ಬರ ಮೊಣಕಾಲೂ ತಾಗುತ್ತಿದ್ದವು.

"ಹತ್ತೊಂಬತ್ತು ವರ್ಷದ ಹಿಂದ ನನ್ನ ತಮ್ಮ ಮನಿ ಕಟ್ಟಿಸಿದ. ಆಗೂ ನಿನ್ನಂಥಾ ಒಬ್ಬಾಂವ ಪಟ್ಟಿ ಹಿಡಕೊಂಡು ಬಂದಿದ್ದ. ನಾ ಒಳಗ ಚಾ ಸೋಸಾಕ ಹತ್ತಿದ್ದೆ. ನನ್ನ ಹೆಸರು ಬಂದ ಕೂಡ್ಲೆ ನನ್ನ ತಮ್ಮ ಅಂದ, 'ನಮ್ಮಕ್ಕನ್ನ ಮಾತ್ರ ಎರಡು ಮಂದಿ ಅಂತ ಹಿಡೀರಿ.' ಇಬ್ಬರೂ ನಕ್ಕರು." ಅವಳು ಉಸಿರು ಎಳೆದುಕೊಂಡಳು. "ಅಲ್ಲೀತನ ನಾ ಒಂದ ದಿನ ಸೆಡವು ಮಾಡಿದಾಕಿ ಅಲ್ಲ. ಎರಡು ಅಂದ್ಯಲ್ಲ, ಆತು, ಎರಡ ಆಗಿ ತೋರಸ್ತೀನಿ ಅಂತ ಕುಂತೆ. ಕುಂತಾಕಿಗೆ ಆಮ್ಯಾಲ ಏಳಾಕ ಆಗಲಿಲ್ಲ."

ದಾನಮ್ಮ ಅಳತೊಡಗಿದಳು.

"ಈಗ ಹೇಳು" ಎಂದಳು ಶಂಕ್ರವ್ವ. "ನಿನ್ನ ಪಟ್ಟ್ಯಾಗ ನನ್ನ ಹೆಸರಿನ ಮುಂದ ಎಷ್ಟು ಬರದೀ? ಎರಡೋ, ಮೂರೋ, ಹತ್ತೋ?"

ಸುಳ್ಳು ನಾಲಿಗೆಯ ತುದಿಯಲ್ಲಿತ್ತು. ಒಂದು ಎಂದರೆ ಸಾಕಾಗಿತ್ತು, ಬಹುಶಃ ಅವಳ ಮನಸ್ಸು ಕರಗುತ್ತಿತ್ತು. ಆದರೆ ಅವಳನ್ನು ಲೆಕ್ಕಕ್ಕೆ ಹಿಡಿದಿದ್ದರೆ ನೆಲ ಹೀಗೆ ಯಾಕೆ ಇಳಿಯುತ್ತಿತ್ತು? ಹತ್ತೊಂಬತ್ತು ವರ್ಷ ನೆಲದ ಜೊತೆಯಲ್ಲೇ ಬಾಳಿದವಳಿಗೆ ಅದು ತಿಳಿಯದೆ ಇರುತ್ತಿತ್ತೇ? ಕಾಲಡಿಯಲ್ಲಿ ಎಲ್ಲೋ ಸರಳು ಎಳೆಯುವ ಸಣ್ಣ ಸದ್ದು ಬಂತು. ನಾನು ಸತ್ಯವನ್ನೇ ಹೇಳಿದೆ.

"ನಿಮ್ಮ ಹೆಸರೇ ಬರೆದಿಲ್ಲ, ಅಕ್ಕಾರೇ. ನೀವು ಬರುವುದಿಲ್ಲ, ಬಿಟ್ಟುಬಿಡಿ ಅಂದರು. ನಾನು ಬಿಟ್ಟೆ. ತಪ್ಪು ನನ್ನದು."

ಅವಳು ನನ್ನನ್ನೇ ನೋಡಿದಳು. ಮುಗಿಯಿತು, ಇನ್ನು ಎಲ್ಲರೂ ಕೆಳಗೆ ಎಂದು ನಾನು ಕಣ್ಣು ಮುಚ್ಚಿದೆ.

"ಬಿಟ್ಟಬಿಡ್ರಿ ಅಂದ್ನಾ?"

ಮೊದಲು ಮೆಲ್ಲಗೆ ಅಂದಳು. ಆಮೇಲೆ ಎದ್ದು ನಿಂತು, ಗಿರಣಿಯ ಸೈರನ್ನಿನಂಥ ದನಿಯಲ್ಲಿ, "ಏ ಗದಿಗ್ಯಾ! ಬಾರೋ ಇಲ್ಲೆ! ಬಿಟ್ಟಬಿಡ್ರಿ ಅಂದೆಂತ? ನಾ ಏನು ಹಳೀ ಕಸಬರಿಗಿ ಏನೋ ಬಿಟ್ಟಬಿಡಾಕ? ನಿನ್ನ ಮೂಗು ಒರಸಿ ಸಾಲಿಗೆ ಕಳಸಿದಾಕಿ ನಾನೋ!" ಎಂದು ಕೂಗಿದಳು.

ನನ್ನ ಮೊಣಕಾಲ ಕೆಳಗೆ ನೆಲ ಮೇಲೆದ್ದಿತು. ಮಂಚದ ಮೇಲೆ ಪಕ್ಕದಲ್ಲಿ ಮಲಗಿದ್ದ ದಪ್ಪ ಮನುಷ್ಯ ಎದ್ದು ಹೋದಾಗ ಹಾಸಿಗೆ ಏಳುತ್ತದಲ್ಲ, ಹಾಗೆ. ನಾನೂರು ಎಲೆಗಳ ಸಾರು ಒಮ್ಮೆಗೇ ನಿಂತು, ಯೋಚಿಸಿ, ಹಿಂದಕ್ಕೆ ಹೊರಟಿತು.

ಗದಿಗೆಪ್ಪನವರು ಓಡುತ್ತ ಬಂದು ಬಾಗಿಲಲ್ಲಿ ನಿಂತರು. ತಪ್ಪಾಯಿತು ಎನ್ನುತ್ತಾರೆ ಎಂದುಕೊಂಡೆ. ಅವರೂ ಕೂಗಿದರು. "ಹೌದು ಅಂದೆ! ಹತ್ತೊಂಬತ್ತು ವರ್ಷದಾಗ ಒಮ್ಮೆರ ಬಂದು ಬೈಬೇಕಿಲ್ಲೇನಕ್ಕಾ? ದೀಪಾವಳಿಗೆ ಬಂದ್ರ ಬಾಗ್ಲಾ ತಗೀಲಿಲ್ಲ, ನಾ ಹೊರಗ ನಿಂತು ನಿಂತು ನಿನ್ನ ಬಾಗ್ಲ ಮುಂದಿನ ಪಾವಟಿಗಿ ಕಲ್ಲು ಒಡದು ಹೋತು!"

"ಪಾವಟಿಗಿ ಒಡದಾಂವ ನೀನೇನು? ನಾ ಮಳಿ ಅಂತ ತಿಳದಿದ್ದೆ!"

"ಮಳಿ ಕಲ್ಲು ಒಡಿತೈತೇನು?"

ಅಂದರೆ ಅವರೂ ಇಷ್ಟು ವರ್ಷ ಒಳಗೊಳಗೇ ಭಾರ ಹೊತ್ತುಕೊಂಡೇ ಓಡಾಡಿದ್ದರು. ನಕ್ಕೋತ ಇರೋ ಮನೆಯ ಯಜಮಾನನನ್ನು ನಾನು ಪಟ್ಟಿಯಲ್ಲಿ ಸೊನ್ನೆ ಎಂದು ಹಿಡಿದಿದ್ದೆ. ಅಕ್ಕ ತಮ್ಮ ಎಲೆಗಳ ಆಚೆ ಈಚೆ ನಿಂತು ಜಗಳಾಡಿದರು. ತಾಯಿಯ ಕೊರಳಿನ ಬೋರಮಾಳ ಯಾರಿಗೆ ಹೋಯಿತು, ಎಮ್ಮೆಯ ಕರುವಿಗೆ ಯಾರ ಹೆಸರಿಟ್ಟರು, ಯಾರ ಜ್ವರಕ್ಕೆ ಯಾರು ಬರಲಿಲ್ಲ. ಪಂಕ್ತಿಯವರು ಎರಡು ಪಕ್ಷವಾದರು. ಬೋರಮಾಳದ ವಿಷಯದಲ್ಲಿ ಬಲಗಡೆಯವರು ಶಂಕ್ರವ್ವನ ಪರ, ಕರುವಿನ ವಿಷಯದಲ್ಲಿ ಎಡಗಡೆಯವರು ಗದಿಗೆಪ್ಪನವರ ಪರ. ಬಡಿಸುವವರು ಇದೇ ಸಮಯವೆಂದು ಮೂರನೇ ಸುತ್ತು ಹೋಳಿಗೆ ಹಾಕಿದರು, ಯಾರೂ ಬೇಡ ಎನ್ನಲಿಲ್ಲ. ಅಂಥ ಹಗುರವಾದ ಪಂಕ್ತಿಯನ್ನು ನಾನು ಈ ಊರಿನಲ್ಲಿ ನೋಡಿರಲಿಲ್ಲ.

ನಾನು ಕೆಳಗೆ ಓಡಿದೆ. ದಾವಲಸಾಬನ ಆಳುಗಳು ವೇದಿಕೆಯ ಸುತ್ತ ಹನ್ನೆರಡು ಜ್ಯಾಕು ನಿಲ್ಲಿಸಿ ತಿರುಪು ಬಿಗಿಯುತ್ತಿದ್ದರು. ಅವನ ಬಿಳಿ ಅಂಗಿ ಸಿಮೆಂಟಿನ ಬಣ್ಣವಾಗಿತ್ತು. ಬಿರುಕುಗಳು ಪೂರ್ತಿ ಮುಚ್ಚಿರಲಿಲ್ಲ, ಆದರೆ ಬಾಯಿ ಕಿರಿದಾಗಿತ್ತು. ಅವುಗಳ ಮೇಲೆ ನಾನು ಸುಣ್ಣದ ಗಿಲಾವಿನ ಪಟ್ಟಿ ಎಳೆಸಿದೆ. ಬಿರುಕು ಮತ್ತೆ ಬಾಯಿ ತೆರೆದರೆ ಮೊದಲು ಪಟ್ಟಿ ಒಡೆದು ನಮಗೆ ತಿಳಿಯುತ್ತದೆ. ಆಮೇಲೆ ಅಲ್ಲೇ ಪುರೋಹಿತರ ಮಣೆಯ ಮೇಲೆ ಕೂತೆ.

ಊಟ ಮುಗಿದು ಜನ ಕೆಳಗಿಳಿದ ಮೇಲೆ ಗದಿಗೆಪ್ಪನವರನ್ನು ಅಂಗಳದಲ್ಲಿ ನಿಲ್ಲಿಸಿ ಹೇಳಬೇಕಾದ್ದು ಹೇಳಿದೆ. ನನ್ನ ಲೆಕ್ಕ ತಪ್ಪಿತ್ತು, ಅದನ್ನು ಬರೆದು ಕೊಡುತ್ತೇನೆ. ನಡುವೆ ಕಂಬ ನಿಲ್ಲುವವರೆಗೆ ಮೇಲಿನ ಹಾಲಿಗೆ ಬೀಗ.

"ಕಂಬಾ?" ಎಂದರು. "ಮದುಮಕ್ಕಳ ಮುಂದ?"

"ಮದುಮಕ್ಕಳ ತಲೆಯ ಮೇಲೆ ತೊಲೆ ಬೀಳುವುದಕ್ಕಿಂತ ಫೋಟೊದಲ್ಲಿ ಕಂಬ ಬರುವುದು ವಾಸಿ."

ಅವರು ಮುಖ ತಿರುಗಿಸಿದರು. ನೆಲದ ಮೇಲೆ ನಿಂತಿದ್ದರಿಂದ ಏನೂ ಆಗಲಿಲ್ಲ, ಹೊಸ ಚಪ್ಪಲಿ ಮಾತ್ರ ಅರ್ಧ ಬೆರಳು ಮಣ್ಣಿಗೆ ಇಳಿಯಿತು. ಹಿಂದಿನಿಂದ ಶಂಕ್ರವ್ವ, "ಏನೋ ಅದು ಮಾರಿ? ಇದ್ದದ್ದ ಇದ್ದಂಗ ಬಾಯಿ ಬಿಟ್ಟು ಬೈಯೋ" ಎಂದಳು. ಅವರು ನನಗೆ ಬಾಯಿ ತುಂಬ ಬೈದರು. ಬೈದು ಮುಗಿಸಿ, ಕಂಬಕ್ಕೆ ಜಾಗ ಎಲ್ಲಿ ಎಂದು ಕೇಳಿದರು.

ಶಂಕ್ರವ್ವ ನನ್ನ ಮುಖ ನೋಡಿದಳು. "ಉಂಡೀಯೇನು?"

ಬೆಳಗ್ಗೆಯಿಂದ ಯಾರೂ ಅದನ್ನು ಕೇಳಿರಲಿಲ್ಲ. ಇಲ್ಲ ಎಂದೆ. ದಾವಲಸಾಬನೂ ಉಂಡಿರಲಿಲ್ಲ, ಆದರೆ ಅವನು ಜ್ಯಾಕು ಬಿಟ್ಟು ಬರಲು ಒಪ್ಪಲಿಲ್ಲ. ದಾನಮ್ಮ ಅವನಿಗೆ ಅಲ್ಲಿಗೇ ತಟ್ಟೆ ತಂದುಕೊಟ್ಟಳು. ನಾನೂ ಶಂಕ್ರವ್ವನೂ ಒಡೆದ ಮೆಟ್ಟಿಲು ಹತ್ತಿ ಮೇಲೆ ಹೋದೆವು. ಖಾಲಿ ಹಾಲಿನಲ್ಲಿ ಅವಳು ಗೋಡೆಯ ಬದಿಗೆ ಹೋಗಲಿಲ್ಲ. ನೆಟ್ಟಗೆ ನಡುವೆ ಹೋಗಿ, ಎರಡು ಎಲೆ ಹಾಕಿ, ನನ್ನನ್ನು ಕೂರಿಸಿದಳು. ಕೆಳಗೆ ಹನ್ನೆರಡು ಜ್ಯಾಕು ಇವೆ ಎಂದು ನನಗೆ ನಾನೇ ಹೇಳಿಕೊಂಡೆ.

"ಅಕ್ಕಾರೇ, ನಿಮ್ಮನ್ನು ಬಿಟ್ಟು ಲೆಕ್ಕ ಹಾಕಬಾರದಿತ್ತು."

"ಬಿಟ್ಟಿ, ಹೌದು. ಆದ್ರ ಬಿಟ್ಟೆ ಅಂತ ಮಾರಿ ನೋಡಿ ಹೇಳಿದಿ. ಉಣ್ಣು ಯವ್ವಾ" ಎಂದು ಅವಳು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದಳು. ತನ್ನ ಎಲೆಗೂ ಹಾಕಿಕೊಂಡು, ಹತ್ತೊಂಬತ್ತು ವರ್ಷದ ಮೇಲೆ ತಮ್ಮನ ಮನೆಯ ಹೋಳಿಗೆ ಮುರಿದು ಬಾಯಿಗಿಟ್ಟಳು. ನಿಧಾನವಾಗಿ ಅಗಿದು, "ಬೆಲ್ಲ ಕಡಿಮಿ" ಎಂದಳು. ನೆಲ ಅಲ್ಲಾಡಲಿಲ್ಲ. ನಾನು ಎರಡು ಹೋಳಿಗೆ ತಿಂದೆ. ಅವಳು ಮೂರನೆಯದನ್ನು ನನ್ನ ಎಲೆಗೆ ಹಾಕುತ್ತಿದ್ದಂತೆ ನಾನು, "ಇಲ್ಲ, ಸಾಕು, ಹೊಟ್ಟೆ ಭಾರವಾಯಿತು" ಎಂದೆ.

ತೊಲೆಯ ಕೆಳಗಿನಿಂದ, ಬಾಯಲ್ಲಿ ಅನ್ನ ಇಟ್ಟುಕೊಂಡೇ, ದಾವಲಸಾಬ ಕೂಗಿದ. "ಬಾಯಾರ, ಬ್ಯಾಡ ಅನಬ್ಯಾಡ್ರೀ! ಅಕ್ಕಾರು ಸೆಡವು ಮಾಡ್ತಾರ, ತಿಂದಬಿಡ್ರಿ!"